ಎಡಗಡೆಯ ಸೀಟು

ನನ್ನ ಕೈಚೀಲದ ಒಳಜೇಬಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಬಂದು ಕೂತು ಹನ್ನೊಂದು ತಿಂಗಳಾಗಿತ್ತು. ಅದು ನನ್ನ ಗಂಡನಿಗೆ ಗೊತ್ತಿರಲಿಲ್ಲ. ಇದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂದು ನೀವು ಕೇಳಬಹುದು. ನನ್ನ ಗಂಡ ಇಪ್ಪತ್ತೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾರೆ. ಊರಿನ ಅರ್ಧ ಜನಕ್ಕೆ ಗೇರು ಹಾಕುವುದನ್ನು ಕಲಿಸಿದವರು ಅವರೇ. ಅಂಥವರ ಹೆಂಡತಿ ಹಿಂದಿನ ಬೀದಿಯ ಇನ್ನೊಂದು ಸ್ಕೂಲಿಗೆ ಹೋಗಿ, ಅದೂ ಇವರ ಹಳೆಯ ಶಿಷ್ಯೆಯ ಹತ್ತಿರವೇ, ಕದ್ದು ಕಲಿತು ಬಂದಳು ಎಂದರೆ ಹೋಟೆಲಿನವನ ಹೆಂಡತಿ ಎದುರು ಹೋಟೆಲಿನಲ್ಲಿ ಕೂತು ಊಟ ಮಾಡಿದ ಹಾಗೆ.

ಇವರಿಗೆ ಊರಲ್ಲಿ ಬ್ರೇಕ್ ಮೇಷ್ಟ್ರು ಎಂದು ಹೆಸರು. ನಮ್ಮ ಸ್ಕೂಲಿನ ಕಾರುಗಳಲ್ಲಿ ಎಡಗಡೆಯ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇವೆ. ಕಲಿಯುವವರು ಬಲಗಡೆ ಸ್ಟೇರಿಂಗ್ ಹಿಡಿದು ಕೂರುತ್ತಾರೆ, ಮೇಷ್ಟ್ರು ಎಡಗಡೆ ಕೂತು ಕಾಲಲ್ಲೇ ಕಾರನ್ನು ಕಾಯುತ್ತಾರೆ. ಇವರ ಕಾಲು ಎಷ್ಟು ಚುರುಕೆಂದರೆ ನಾಯಿ ರಸ್ತೆಗೆ ಇಳಿಯುವ ಯೋಚನೆ ಮಾಡುವಷ್ಟರಲ್ಲಿ ಕಾರು ನಿಂತಿರುತ್ತದೆ.

ಮದುವೆಯಾದ ಹೊಸದರಲ್ಲಿ ನನಗೂ ಕಲಿಸಿದ್ದರು. ಒಂಬತ್ತು ದಿನ. ಕಾರು ನಿಂತಾಗಲೆಲ್ಲ, "ನಾನು ನಿಲ್ಲಿಸಿದ್ನಾ, ನೀವಾ?" ಎಂದು ಕೇಳುತ್ತಿದ್ದೆ. "ಯಾರಾದರೇನು, ನಿಂತಿತಲ್ಲ" ಎನ್ನುತ್ತಿದ್ದರು. ಒಂಬತ್ತನೆಯ ದಿನ ಮೈದಾನದ ನಡುವೆ ಕಾರಿನಿಂದ ಇಳಿದು ನಡೆದುಕೊಂಡೇ ಮನೆಗೆ ಬಂದೆ. ಆಮೇಲೆ ನನ್ನ ಕೆಲಸ ಸ್ಕೂಲಿನ ಮುಂದಿನ ಕೋಣೆಗೆ ನಿಂತಿತು. ಅರ್ಜಿ ತುಂಬುವುದು, ಫೋಟೊ ಅಂಟಿಸುವುದು, ಗೋಡೆಯ ಮೇಲಿನ ಪಟ ತೋರಿಸಿ ರಸ್ತೆಯ ಚಿಹ್ನೆಗಳ ಪಾಠ ಹೇಳುವುದು. ಸಾವಿರಾರು ಜನರ ಲೈಸೆನ್ಸಿಗೆ ಕಾಗದ ಜೋಡಿಸಿಕೊಟ್ಟವಳು, ತರಕಾರಿ ತರಲು ಮಾತ್ರ ಆಟೊ ಕಾಯುತ್ತಾ ನಿಲ್ಲುತ್ತಿದ್ದೆ.

ಕೊನೆಗೆ ಹಟ ಹಿಡಿದು ಹಿಂದಿನ ಬೀದಿಯ ಮೇಡಂ ಹತ್ತಿರ ಕಲಿತೆ. ಹೇಳಿಬಿಡೋಣ ಎಂದು ನೂರು ಸಲ ಬಾಯಿ ತೆರೆದಿದ್ದೇನೆ. ಇವರ ಮುಖ ಕಂಡ ಕೂಡಲೇ, "ಕಾಫಿ ಮಾಡ್ಲಾ?" ಎಂಬ ಮಾತು ಹೊರಗೆ ಬೀಳುತ್ತಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಖರ್ಚಾದಷ್ಟು ಕಾಫಿಪುಡಿ ಮದುವೆಮನೆಯಲ್ಲೂ ಖರ್ಚಾಗಿರಲಿಕ್ಕಿಲ್ಲ.

ಅಷ್ಟರಲ್ಲಿ ಟೈರು ಕಂಪನಿಯವರ ಅದೃಷ್ಟದ ಚೀಟಿಯಲ್ಲಿ ನಮ್ಮ ಸ್ಕೂಲಿನ ಹೆಸರು ಬಂತು. ಇಬ್ಬರಿಗೆ ಪರದೇಶಕ್ಕೆ ಟಿಕೇಟು, ಅಲ್ಲಿ ನಾಲ್ಕು ದಿನಕ್ಕೆ ಬಾಡಿಗೆ ಕಾರು. ಕಾಗದಪತ್ರವೆಲ್ಲ ನನ್ನ ಕೆಲಸವೇ ಆದ್ದರಿಂದ ಪರದೇಶದಲ್ಲಿ ಓಡಿಸುವ ಪರ್ಮಿಟ್ಟನ್ನು ಇವರಿಗೊಂದು ಮಾಡಿಸಿದೆ, ಸದ್ದಿಲ್ಲದೆ ನನಗೊಂದು ಮಾಡಿಸಿಕೊಂಡೆ. ಈ ನಾಲ್ಕು ದಿನದೊಳಗೆ ಹೇಳಲೇಬೇಕು. ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಲೇಬೇಕು. ಊರಿಗೆ ಮರಳಿದರೆ ಮತ್ತೆ ನಾನು ಮುಂದಿನ ಕೋಣೆ, ಇವರು ಮೈದಾನ. ಮತ್ತೆ ಈ ಧೈರ್ಯ ಈ ಜನ್ಮದಲ್ಲಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮೊದಲ ದಿನವೇ ಅವಕಾಶ ಕಾಲ ಬುಡಕ್ಕೆ ಬಂತು. ವಿಮಾನ ನಿಲ್ದಾಣದಲ್ಲಿ ಕಾರು ಕೊಡುವ ಕೌಂಟರಿನ ಹುಡುಗಿ ಇವರ ಕಾಗದಗಳನ್ನೆಲ್ಲ ನೋಡಿ, ನನ್ನ ಕಡೆಗೆ ತಿರುಗಿ, "ಇವರೂ ಓಡಿಸುತ್ತಾರಾ? ಹೆಸರು ಸೇರಿಸಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಇವರು ಗಟ್ಟಿಯಾಗಿ ನಕ್ಕರು. ಕೆಟ್ಟ ನಗೆಯಲ್ಲ. ಮಗು ಕೈಗೆ ಕೊಡಲಿ ಕೊಡಲಾ ಎಂದು ಯಾರೋ ಕೇಳಿದಾಗ ನಗುವಂಥ ನಗೆ. "ಇವಳಾ? ಸೈಕಲ್ಲೂ ಬರಲ್ಲ ಇವಳಿಗೆ" ಎಂದು ನನಗೆ ಕನ್ನಡದಲ್ಲಿ, ಅವಳಿಗೆ ತಲೆಯಾಡಿಸುವುದರಲ್ಲಿ ಹೇಳಿದರು.

ನಾನು ಕೈಚೀಲದ ಜಿಪ್ಪು ಹಿಡಿದುಕೊಂಡು ನಿಂತಿದ್ದೆ. ಎರಡು ಬೆರಳು ಎಳೆದಿದ್ದರೆ ಲೈಸೆನ್ಸ್ ಹೊರಗೆ ಬರುತ್ತಿತ್ತು. ಬಾಯಿಂದ ಏನು ಬಂತು ಗೊತ್ತೇ? "ಬಾತ್ರೂಮ್ ಎಲ್ಲಿದೆ ಕೇಳ್ರೀ."

ಕಾರು ಸಣ್ಣದು, ಬೂದುಬಣ್ಣದ್ದು. ಇವರು ಕೀಲಿ ಕುಣಿಸುತ್ತ ಹೋಗಿ ಬಲಗಡೆಯ ಬಾಗಿಲು ತೆಗೆದು ಕೂತರು. ಎದುರಿಗೆ ಸ್ಟೇರಿಂಗ್ ಇಲ್ಲ! ಕಾಗದ ಇಡುವ ಗೂಡು ಮಾತ್ರ. ಕಳ್ಳರು ಒಯ್ದರೇನೋ ಎಂಬಂತೆ ಕಣ್ಣು ಕಣ್ಣು ಬಿಟ್ಟು, ಆಮೇಲೆ ಎಡಕ್ಕೆ ನೋಡಿದರು. ಆ ದೇಶದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಹೋಗುತ್ತವೆ, ಸ್ಟೇರಿಂಗ್ ಎಡಗಡೆ ಇರುತ್ತದೆ. ಇದು ಇಬ್ಬರಿಗೂ ಮೊದಲೇ ಗೊತ್ತಿತ್ತು. ಆದರೆ ಗೊತ್ತಿರುವುದು ತಲೆಗೆ, ಮೈಗೆ ಯಾರು ಹೇಳಬೇಕು?

ಇಳಿದು, ಸುತ್ತಿಬಂದು, ಎಡಗಡೆ ಕೂತ ಕೂಡಲೇ ಇವರ ಮುಖ ಅರಳಿತು. "ಇವಳೇ, ನೋಡಿದ್ಯಾ, ನನ್ನ ಸೀಟು! ಈ ದೇಶದವರು ನನಗಂತಲೇ ಕಾರು ಮಾಡಿದಾರೆ."

ನನಗೂ ಹಾಗೆಯೇ ಅನ್ನಿಸಿತು. ಇಪ್ಪತ್ತೆಂಟು ವರ್ಷ ಎಡಗಡೆ ಕೂತವರು, ಇಲ್ಲೂ ಎಡಗಡೆ. ಇನ್ನೇನು ಬೇಕು? ಈ ಲೆಕ್ಕಾಚಾರ ಎಷ್ಟು ತಪ್ಪೆಂದು ಹತ್ತು ನಿಮಿಷದಲ್ಲಿ ತಿಳಿಯಿತು.

ಮೊದಲು ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದರು. ಬಿಸಿಲು ಚುರುಗುಟ್ಟುತ್ತಿರುವಾಗ ವೈಪರ್ ಕಿರ್ರ್ ಕಿರ್ರ್ ಎಂದು ಒಣ ಗಾಜನ್ನು ಒರೆಸಿತು. ನಿಲ್ಲಿಸಲು ಹೋದರೆ ನೀರು ಚಿಮ್ಮಿತು. ಫೋನಿನಲ್ಲಿ ದಾರಿ ಹೇಳುವ ಹೆಂಗಸು, "ಇನ್ನೂರು ಮೀಟರಿನಲ್ಲಿ ವೃತ್ತ, ಮೂರನೆಯ ದಾರಿಗೆ ಹೊರಡಿ" ಎಂದಳು. ಇವರು ವೃತ್ತಕ್ಕೆ ಕಾರು ನುಗ್ಗಿಸಿದರು. ಎಡಗಡೆಯಿಂದ ಒಂದು ದೊಡ್ಡ ಲಾರಿ ಬಂತು.

ಆಗ ಇವರು ಮಾಡಿದ ಕೆಲಸವನ್ನು ಲೋಕದಲ್ಲಿ ಬೇರೆ ಯಾವ ಡ್ರೈವರನೂ ಮಾಡಲಾರ. ಸ್ಟೇರಿಂಗ್ ಬಿಟ್ಟರು. ಎರಡು ಕಾಲಿನಿಂದ ಕ್ಲಚ್ಚು ಬ್ರೇಕು ಒತ್ತಿ ಹಿಡಿದರು. ಬಲಗೈಯನ್ನು ನನ್ನ ಎದುರಿಗೆ ಚಾಚಿ ಗಾಳಿಯಲ್ಲಿ ಏನನ್ನೋ ಹುಡುಕುತ್ತ, "ತಿರುಗ್ಸು! ತಿರುಗ್ಸು! ಏನ್ ನೋಡ್ತಿದೀಯ, ಸ್ಟೇರಿಂಗ್ ತಿರುಗ್ಸು!" ಎಂದು ನನಗೆ ಕೂಗಿದರು.

"ಸ್ಟೇರಿಂಗ್ ನಿಮ್ಮ ಹತ್ರ ಇದೆ ರೀ!"

ಇವರು ತಮ್ಮ ಎದೆಯ ಮುಂದಿದ್ದ ಸ್ಟೇರಿಂಗನ್ನು ನೋಡಿದರು. ಯಾರೋ ಬಿಟ್ಟುಹೋದ ಕೊಡೆಯನ್ನು ನೋಡುವ ಹಾಗೆ. ವೃತ್ತದ ನಡುವೆ ನಾವು, ಸುತ್ತ ಹಾರ್ನುಗಳು, ಮೇಲಿನಿಂದ ವೈಪರ್.

ವೃತ್ತ ದಾಟಿ ರಸ್ತೆಯ ಅಂಚಿಗೆ ನಿಲ್ಲಿಸಿ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಕ್ಕಿದ್ದು ನಿಜ. ಆದರೆ ನನ್ನೊಳಗೆ ಸಣ್ಣ ಹೆದರಿಕೆಯೊಂದು ಬಂದು ಕೂತಿತು. ಸಮಾಧಾನದಲ್ಲಿರುವಾಗ ಇವರು ಡ್ರೈವರ್, ಗಾಬರಿಯಾದ ಕೂಡಲೇ ಮೇಷ್ಟ್ರು. ಗಾಬರಿ ಹೇಳಿಕೇಳಿ ಬರುವುದಿಲ್ಲವಲ್ಲ.

ಎರಡನೆಯ ದಿನ ಮಾತ್ರ ಸೊಗಸಾಗಿತ್ತು. ಆ ದಿನದ ಬಗ್ಗೆ ನಾನು ಸುಳ್ಳು ದೂರು ಹೇಳುವುದಿಲ್ಲ. ರಸ್ತೆ ನೇರ, ಎರಡೂ ಬದಿಗೆ ಹಳದಿ ಹೊಲ, ದೂರದಲ್ಲಿ ನೀಲಿ ಬೆಟ್ಟ. ಕಿಟಕಿ ಇಳಿಸಿದರೆ ಕೊಯ್ದ ಹುಲ್ಲಿನ ವಾಸನೆ. ಪೆಟ್ರೋಲ್ ಬಂಕಿನಲ್ಲಿ ಬ್ರೆಡ್ಡು, ಸೇಬು, ಎರಡು ಲೋಟ ಕಾಫಿ ತಗೊಂಡು ಕಾರಿನ ಬಾನೆಟ್ಟಿಗೆ ಒರಗಿ ತಿಂದೆವು. ಬಂಕಿನಲ್ಲಿ ಪೆಟ್ರೋಲ್ ಹಾಕುವವರೇ ಇರಲಿಲ್ಲ. ಇವರು ಕಾರಿನಲ್ಲೇ ಕೂತು ಯಾರಾದರೂ ಬರುತ್ತಾರೆಂದು ಕಾದಿದ್ದೇ ಕಾದಿದ್ದು. ಹಿಂದಿನ ಕಾರಿನ ಮುದುಕಿ ಇಳಿದುಬಂದು, ಪೈಪು ತೆಗೆದು, ನಮ್ಮ ಕಾರಿಗೆ ತಾನೇ ಹಾಕಿಕೊಟ್ಟಳು. ಇವರು ಅವಳಿಗೆ ಕೈಮುಗಿದರು. ಅವಳೂ ಕೈಮುಗಿದಳು. ಏಕೆಂದು ಇಬ್ಬರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ದಾರಿಯುದ್ದಕ್ಕೂ ಇವರಿಗೆ ಚಿಹ್ನೆಗಳನ್ನು ಬಿಡಿಸಿ ಹೇಳುತ್ತಿದ್ದವಳು ನಾನೇ. ಇಲ್ಲಿ ಮುಂದಿನ ಗಾಡಿಯನ್ನು ಹಿಂದೆ ಹಾಕಬಾರದು, ಇಲ್ಲಿ ಎದುರಿನವರಿಗೆ ದಾರಿ ಬಿಡಬೇಕು, ಮುಂದೆ ರಸ್ತೆ ಕಿರಿದು. ಚಿಹ್ನೆಗಳು ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಒಂದೇ. "ಪಾಠ ಹೇಳೋದ್ರಲ್ಲಿ ನಿನ್ನ ಬಿಟ್ರೆ ಇಲ್ಲ ಕಣೇ" ಎಂದರು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ಬಾಯಿ ತೆರೆದೆ. "ಸೇಬು ಹೆಚ್ಚಿಕೊಡ್ಲಾ?" ಎಂದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಸೇಬನ್ನು ಸಿಪ್ಪೆ ಸಮೇತ ಬೀಜವೂ ಉಳಿಯದ ಹಾಗೆ ಹೆಚ್ಚಿ ಹಾಕಿದೆ.

ಮೂರನೆಯ ದಿನ ಬೆಳಿಗ್ಗೆ ಬೆಟ್ಟ ಹತ್ತಿ, ಆಚೆಗಿನ ಕೆರೆ ನೋಡಿ, ಅಲ್ಲೇ ಉಳಿಯುವುದೆಂದು ನಮ್ಮ ಯೋಜನೆ. ನಾವು ಇಳಿದುಕೊಂಡಿದ್ದ ಮನೆಯಾಕೆ ಹತ್ತಿರದ ದಾರಿಯೊಂದನ್ನು ಕೈಸನ್ನೆಯಲ್ಲಿ ಹೇಳಿದಳು. ಇವರು ತಲೆಯಾಡಿಸಿದರು. ಫೋನಿನವಳು ಬೇರೆ ಹೇಳಿದಳು. ಇವರು ಅವಳಿಗೂ ತಲೆಯಾಡಿಸಿದರು. ಕೊನೆಗೆ ಹೋದದ್ದು ಇಬ್ಬರೂ ಹೇಳದ ಮೂರನೆಯ ದಾರಿಯಲ್ಲಿ. ಎರಡು ಕಾರು ಮೈ ಉಜ್ಜಿಕೊಂಡು ಹೋಗಬೇಕಾದಂಥ ರಸ್ತೆ, ಎರಡೂ ಕಡೆ ಎದೆಮಟ್ಟದ ಬೇಲಿ.

ತಿರುವಿನಲ್ಲಿ ಟ್ರ್ಯಾಕ್ಟರ್ ಬಂತು.

"ಎಡಕ್ಕೆಳಿ! ಎಡಕ್ಕೆಳಿ!" ಎಂದು ಇವರು ನನಗೆ ಕೂಗಿದರು. ಕೈ ಸ್ಟೇರಿಂಗ್ ಬಿಟ್ಟು ನನ್ನ ಎದುರಿನ ಗಾಳಿಯನ್ನು ಹಿಡಿದು ಎಳೆಯಿತು. ಆ ದೇಶದಲ್ಲಿ ಎಡವೆಂದರೆ ಟ್ರ್ಯಾಕ್ಟರಿನ ದಾರಿಯೇ. ಅಂದರೆ ಇವರು ಸ್ಟೇರಿಂಗ್ ಬಿಟ್ಟದ್ದೇ ಒಳ್ಳೆಯದಾಯಿತು. ಆದರೂ ಕಾರು ತನ್ನ ಪಾಡಿಗೆ ರಸ್ತೆಯ ನಡುವಿಗೆ ಜಾರಿ, ಟ್ರ್ಯಾಕ್ಟರಿನ ದೊಡ್ಡ ಚಕ್ರದಿಂದ ಮೊಳದಷ್ಟು ದೂರದಲ್ಲಿ ನಿಂತಿತು. ಆ ಚಕ್ರಕ್ಕೆ ಮೆತ್ತಿದ್ದ ಒದ್ದೆಮಣ್ಣಿನಲ್ಲಿ ಸಿಕ್ಕಿಕೊಂಡಿದ್ದ ಹುಲ್ಲಿನ ಎಸಳುಗಳನ್ನು ಈಗಲೂ ನಾನು ಲೆಕ್ಕ ಹಾಕಿ ಹೇಳಬಲ್ಲೆ.

ಟ್ರ್ಯಾಕ್ಟರಿನವನು ಇಳಿದುಬಂದ. ಬಯ್ಯುತ್ತಾನೆಂದುಕೊಂಡೆ. ಅವನು ಕಿಟಕಿಯಲ್ಲಿ ಬಗ್ಗಿ ಇವರನ್ನು ನೋಡಿದ, ನನ್ನನ್ನು ನೋಡಿದ, ಇನ್ನೂ ನನ್ನೆದುರಿಗೆ ಚಾಚಿದ್ದ ಇವರ ಕೈಯನ್ನು ನೋಡಿದ. ತನ್ನ ಎರಡು ಕೈಯನ್ನು ಸ್ಟೇರಿಂಗ್ ಹಿಡಿದ ಹಾಗೆ ಅಲ್ಲಾಡಿಸಿ, ಬೆರಳನ್ನು ಒಮ್ಮೆ ಇವರ ಕಡೆಗೆ, ಒಮ್ಮೆ ನನ್ನ ಕಡೆಗೆ ತೋರಿಸಿದ. ಇದನ್ನು ಓಡಿಸುತ್ತಿರುವವರು ಯಾರು ಎಂದು ಅವನ ಪ್ರಶ್ನೆ. ತಮಾಷೆಗಲ್ಲ, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ.

ಅವನು ಟ್ರ್ಯಾಕ್ಟರನ್ನು ಹಿಂದೆ ತೆಗೆದು ದಾರಿ ಬಿಟ್ಟ. ಇವರು ಕೀಲಿ ತಿರುಗಿಸಲು ಹೋದರು. ಕೀಲಿ ಮುಟ್ಟಿ ಕೈ ಹಿಂದಕ್ಕೆ ತೆಗೆದರು. ಇಪ್ಪತ್ತೆಂಟು ವರ್ಷದಲ್ಲಿ ಇವರು ಕೀಲಿಗೆ ಹಿಂಜರಿದದ್ದನ್ನು ನಾನು ಕಂಡಿರಲಿಲ್ಲ.

"ಇದು ನನ್ನಿಂದಾಗಲ್ಲ ಕಣೇ" ಎಂದರು. "ಈ ಸೀಟಲ್ಲಿ ಕೂತ್ರೆ ಸ್ಟೇರಿಂಗ್ ನಂದು ಅಂತ ಮನಸ್ಸು ಒಪ್ಪಲ್ಲ. ನಿನ್ನ ಕೊಂದುಬಿಡ್ತೀನಿ ನಾನು. ಕಾರು ವಾಪಸ್ ಕೊಟ್ಟು ಬಸ್ಸು ಹಿಡಿಯೋಣ."

ಬೆಟ್ಟದ ಬುಡದ ಊರಿನಲ್ಲಿ ಆ ಬಾಡಿಗೆ ಕಾರಿನವರದೇ ಇನ್ನೊಂದು ಆಫೀಸಿದೆಯೆಂದು ಫೋನಿನಲ್ಲಿ ಕಂಡಿತು. ಆರು ಕಿಲೋಮೀಟರನ್ನು ಎತ್ತಿನ ಗಾಡಿಯ ವೇಗದಲ್ಲಿ ಹೋದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಗೊಂದಲವೋ ಗೊಂದಲ. ಹೇಳಿದರೆ ಸೋತವರ ಮೇಲೆ ಕಲ್ಲು ಹೊತ್ತು ಹಾಕಿದ ಹಾಗೆ. ಇಷ್ಟು ತಿಂಗಳು ಸುಮ್ಮನಿದ್ದು, ಇವರು ಕೈಚೆಲ್ಲಿದ ದಿನವೇ ಲೈಸೆನ್ಸ್ ಝಳಪಿಸುವುದೇ? ಹೇಳದಿದ್ದರೆ ಬಸ್ಸು, ಆಮೇಲೆ ವಿಮಾನ, ಆಮೇಲೆ ಮುಂದಿನ ಕೋಣೆ. ಇದು ಮಾನದ ಮಾತೋ ಜೀವದ ಮಾತೋ, ನನ್ನ ಆಸೆಯೋ ನನ್ನ ಹಟವೋ, ಒಂದೂ ಬಗೆಹರಿಯಲಿಲ್ಲ.

ಆಫೀಸು ಒಂದು ಸಣ್ಣ ಕೋಣೆ. ಒಂದು ಕೌಂಟರು, ಗೋಡೆಗೆ ತೂಗುಹಾಕಿದ ಕೀಲಿಗಳು, ಎಲೆಗೆ ಧೂಳು ಹಿಡಿದ ಒಂದು ಗಿಡ, ಕಿಟಕಿಯ ಕೆಳಗೆ ಬೆಂಚು. ಕನ್ನಡಕವನ್ನು ದಾರದಲ್ಲಿ ಕುತ್ತಿಗೆಗೆ ಇಳಿಬಿಟ್ಟುಕೊಂಡ ಗುಮಾಸ್ತ ಕೂತಿದ್ದ. ಇವರು ಬೆಂಚಿನ ಮೇಲೆ ಕುಸಿದು ಕಾಗದದ ಫೈಲನ್ನು ನನ್ನ ಕೈಗೆ ಕೊಟ್ಟರು. ಕಾಗದದ ಕೆಲಸ ನನ್ನದಲ್ಲವೇ.

"ಕಾರು ವಾಪಸ್ ಕೊಡಬೇಕು" ಎಂದೆ ನನ್ನ ಮುರುಕು ಇಂಗ್ಲಿಷಿನಲ್ಲಿ.

"ಕಾರಿಗೆ ಏನಾಗಿದೆ?"

"ಕಾರಿಗೆ ಏನೂ ಆಗಿಲ್ಲ. ಡ್ರೈವರಿಗೆ ಸ್ವಲ್ಪ ಹುಷಾರಿಲ್ಲ."

ಅವನು ಬೆಂಚಿನ ಕಡೆಗೆ ನೋಡಿದ. ಕನ್ನಡಕ ಏರಿಸಿ ನನ್ನ ಕಡೆಗೆ ನೋಡಿದ. "ಇನ್ನೂ ಎರಡು ದಿನ ಬಾಕಿ ಇದೆ. ಓಡಿಸುವವರು ಬೇರೆ ಯಾರೂ ಇಲ್ಲವೇ?"

ಇದ್ದಾರೆ ಎಂದು ಹೇಳಿದ್ದು ನಾನೇ. ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು. ಜಿಪ್ಪು ಎಳೆದು ಲೈಸೆನ್ಸನ್ನೂ ಪರ್ಮಿಟ್ಟನ್ನೂ ಕೌಂಟರಿನ ಮೇಲೆ ಇಟ್ಟೆ. ಅವನು ಒಂದು ಅರ್ಜಿ ತೆಗೆದು ನನ್ನ ಹೆಸರು ತುಂಬಿ, ಕೆಳಗಿನ ಗೆರೆಯ ಮೇಲೆ ಬೆರಳಿಟ್ಟ. "ಇಲ್ಲಿ ಮೊದಲನೆಯ ಡ್ರೈವರ್ ಸಹಿ ಬೇಕು. ಅವರು ಒಪ್ಪಿದರೆ ಸಾಕು."

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಾನು ಇಟ್ಟ ಕಾಗದವನ್ನು ಇವರು ಓದುವುದಿಲ್ಲ. ಸ್ಕೂಲಿನ ಅರ್ಜಿ, ಬ್ಯಾಂಕಿನ ಕಾಗದ, ತೆರಿಗೆಯದ್ದು, ವಿಮೆಯದ್ದು, ಏನೇ ಇರಲಿ, ನಾನು ಬೆರಳಿಟ್ಟ ಜಾಗದಲ್ಲಿ ಸಹಿ ಹಾಕುತ್ತಾರೆ. ಮನೆ ಮಾರಾಟದ ಪತ್ರ ಇಟ್ಟರೂ ಹಾಕಿಯಾರು.

ಅರ್ಜಿ ಒಯ್ದು ಇವರ ಮುಂದೆ ಹಿಡಿದೆ. ಬೆರಳಿಟ್ಟೆ. ಪೆನ್ನು ಕೊಟ್ಟೆ. ಇವರು ತಲೆಯೆತ್ತದೆ ಸಹಿ ಹಾಕಿದರು.

ಮುಗಿಯಿತು. ಹನ್ನೊಂದು ತಿಂಗಳು ಎದೆಯಲ್ಲಿ ಇಟ್ಟುಕೊಂಡಿದ್ದು ಒಂದು ನಿಮಿಷದಲ್ಲಿ ಆಗಿಹೋಯಿತು. ಅರ್ಜಿ ಹಿಡಿದು ಕೌಂಟರಿನ ಕಡೆಗೆ ಮೂರು ಹೆಜ್ಜೆ ಇಟ್ಟೆ. ನಾಲ್ಕನೆಯದು ಏಳಲಿಲ್ಲ. ಕದ್ದು ಕಲಿತದ್ದು ಸರಿ, ಕದ್ದು ಪರ್ಮಿಟ್ಟು ಮಾಡಿಸಿದ್ದೂ ಸರಿ. ಆದರೆ ಇವರ ಒಪ್ಪಿಗೆಯನ್ನೂ ಕದ್ದರೆ ನನ್ನ ಕೈಗೆ ಬಂದದ್ದೇನು?

ತಿರುಗಿ ಹೋಗಿ ಅರ್ಜಿಯನ್ನು ಇವರ ತೊಡೆಯ ಮೇಲೆ ಇಟ್ಟೆ. "ಓದಿ" ಎಂದೆ.

"ಏನು?"

"ಓದಿ ರೀ. ಓದಿ ಆಮೇಲೆ ಹೇಳಿ, ಸಹಿ ಇರಲೋ ಹರಿದು ಹಾಕಲೋ ಅಂತ."

ಇವರು ತುಟಿಯಲ್ಲೇ ಅಕ್ಷರ ಜೋಡಿಸಿ ನಿಧಾನವಾಗಿ ಓದಿದರು. ನಡುವೆ ನಿಂತರು. "ಇಲ್ಲಿ ನಿನ್ನ ಹೆಸರು ಬಿದ್ದಿದೆ."

"ಹೂಂ."

"ತಪ್ಪಾಗಿ ಬಿದ್ದಿರಬೇಕು. ಹೇಳು ಅವನಿಗೆ."

"ತಪ್ಪಾಗಿಲ್ಲ." ಲೈಸೆನ್ಸನ್ನು ತಂದು ಕೈಯಲ್ಲಿಟ್ಟೆ. ಇವರು ಅದನ್ನು ಬೆಳಕಿಗೆ ಹಿಡಿದು, ಮಗುಚಿ, ತಾರೀಖು ನೋಡಿ, ಶಿಷ್ಯರ ಲೈಸೆನ್ಸ್ ಬಂದಾಗ ನೋಡುವಂತೆಯೇ ನೋಡಿದರು.

"ಹನ್ನೊಂದು ತಿಂಗಳಾಯ್ತು" ಎಂದರು.

"ಹೌದು."

"ಯಾರ ಹತ್ರ?"

"ಹಿಂದಿನ ಬೀದಿ ಮೇಡಂ ಹತ್ರ."

ಇವರ ಮುಖ ಸಣ್ಣದಾಯಿತು. ಗುಮಾಸ್ತ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಎದ್ದು ಆಚೆಗೆ ಹೋದ. ಭಾಷೆ ಬಾರದಿದ್ದರೂ ಗಂಡಹೆಂಡಿರ ಮಾತು ಯಾರಿಗೆ ತಿಳಿಯುವುದಿಲ್ಲ?

"ಅವಳಿಗೆ ಕಲಿಸಿದ್ದು ನಾನು" ಎಂದರು.

"ಗೊತ್ತು."

"ಒಂದೇ ಸಲಕ್ಕೆ ಪಾಸಾದ್ಯಾ?"

"ಎರಡನೇ ಸಲಕ್ಕೆ. ಮೊದಲನೇ ಸಲ ರಿವರ್ಸಲ್ಲಿ ಹೋಯ್ತು."

"ಹೋಗದೆ ಇನ್ನೇನಾಗತ್ತೆ? ಅವಳಿಗೇ ಸರಿಯಾಗಿ ರಿವರ್ಸ್ ಬರಲ್ಲ." ಇದನ್ನು ಹೇಳುವಾಗ ಒಂದು ಕ್ಷಣ ಮೇಷ್ಟ್ರು ಬಂದು ಹೋದರು. ಆಮೇಲೆ ದನಿ ಇಳಿಯಿತು. "ನನಗೆ ಯಾಕೆ ಹೇಳ್ಲಿಲ್ಲ? ನಾನೇನು ಬೇಡ ಅಂತಿದ್ನಾ?"

"ಬೇಡ ಅಂತಿರ್ಲಿಲ್ಲ. ಪಕ್ಕದಲ್ಲಿ ಕೂರ್ತಿದ್ರಿ. ನೀವು ಪಕ್ಕದಲ್ಲಿದ್ರೆ ನಾನು ಓಡಿಸ್ತಿದೀನೋ ನೀವು ಓಡಿಸ್ತಿದೀರೋ ನನಗೆ ಗೊತ್ತಾಗಲ್ಲ ರೀ. ಕಾರಲ್ಲಿ ಮಾತ್ರ ಅಲ್ಲ. ಮನೆಯಲ್ಲೂ ಹಂಗೇ. ಹಾಲು ಉಕ್ಕೋ ಮೊದಲು ನೀವು ಬಂದು ಒಲೆ ಆರಿಸಿರ್ತೀರಿ. ಮಗಳನ್ನ ನಾನು ಗದರೋ ಮೊದಲು ನೀವು ಗದರಿರ್ತೀರಿ. ಒಳ್ಳೇದಕ್ಕೇ ಮಾಡ್ತೀರಿ, ನನಗೆ ಗೊತ್ತು. ಆದ್ರೆ ನನಗೆ ಐವತ್ತಾಯ್ತು. ಒಂದು ಸಲ ನಾನೇ ಮಾಡಿ ನೋಡ್ಬೇಕು ಅನ್ಸಿತ್ತು."

ಅಷ್ಟುದ್ದ ಮಾತಾಡಿ ನನಗೆ ಏದುಸಿರು ಬಂತು. ಇವರು ಲೈಸೆನ್ಸನ್ನು ಮತ್ತೊಮ್ಮೆ ಮಗುಚಿ ನೋಡಿದರು. ಸಿಟ್ಟೋ, ದುಃಖವೋ, ಬರೀ ದಣಿವೋ ತಿಳಿಯಲಿಲ್ಲ. ಆಮೇಲೆ ಅರ್ಜಿಯನ್ನು ತೊಡೆಯ ಮೇಲೆ ಚೊಕ್ಕ ಮಾಡಿ, ಹಾಕಿದ್ದ ಸಹಿಯ ಪಕ್ಕದಲ್ಲೇ ಇನ್ನೊಂದು ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ಒಂದು ಕಡೆ ಎರಡು ಸಹಿ ಏಕೆಂದು ಗುಮಾಸ್ತನಿಗೆ ಅರ್ಥವಾಗಲಿಲ್ಲ. ನಾನೂ ವಿವರಿಸಲು ಹೋಗಲಿಲ್ಲ.

ಹೊರಗೆ ಬಂದೆವು. ಇಬ್ಬರೂ ಕಾರಿನ ಬಾಗಿಲು ತೆಗೆದು ಕೂತು ಬೆಲ್ಟು ಹಾಕಿಕೊಂಡೆವು. ನಾನು ಮುಂದೆ ಕೈ ಚಾಚಿದೆ. ಕಾಗದದ ಗೂಡು! ನಮ್ಮ ಊರಿನ ಡ್ರೈವರಾಗಿ ನಾನು ಬಲಗಡೆ ಹತ್ತಿದ್ದೆ. ನಮ್ಮ ಊರಿನ ಮೇಷ್ಟ್ರಾಗಿ ಇವರು ಎಡಗಡೆ ಹತ್ತಿದ್ದರು. ಇಷ್ಟೆಲ್ಲ ರಾಮಾಯಣ ಆಗಿ, ಸ್ಟೇರಿಂಗ್ ಮತ್ತೆ ಇವರ ಎದುರಿಗೇ ಇತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗು ಬರಲಿಲ್ಲ, ಬರುವ ಹಾಗಿತ್ತು. ಇಬ್ಬರೂ ಇಳಿದು, ಬಾನೆಟ್ಟಿನ ಮುಂದೆ ಒಬ್ಬರನ್ನೊಬ್ಬರು ದಾಟಿಕೊಂಡು, ಜಾಗ ಬದಲಾಯಿಸಿದೆವು.

ಎರಡು ಸಲ ಎಂಜಿನ್ ಆಫ್ ಆಯಿತು. ಗೇರು ಹಾಕಲು ಎಡಗೈ ಹಾಕಿದರೆ ಬಾಗಿಲಿನ ಹಿಡಿ ಸಿಕ್ಕಿತು. ವೈಪರ್ ಒಮ್ಮೆ ಆಡಿತು. ಅಂಗೈ ಬೆವತು ಸ್ಟೇರಿಂಗ್ ಜಾರುತ್ತಿತ್ತು. ಬಲಕ್ಕೆ, ಬಲಕ್ಕೆ, ಬಲಕ್ಕೆ ಎಂದು ಬಾಯಲ್ಲೇ ಜಪ ಮಾಡುತ್ತ ಊರು ದಾಟಿದೆ. ಬೆಟ್ಟದ ರಸ್ತೆ ಶುರುವಾಯಿತು. ಕುತ್ತಿಗೆ ತಿರುಗಿಸಿ ಪಕ್ಕಕ್ಕೆ ನೋಡುವ ಧೈರ್ಯವಾಗಲಿಲ್ಲ. ಕಣ್ಣು ರಸ್ತೆಯ ಮೇಲೇ ನೆಟ್ಟಿತ್ತು.

ಪಕ್ಕದಿಂದ ಒಂದು ಮಾತಿಲ್ಲ. ಕನ್ನಡಿ ನೋಡು ಎನ್ನಲಿಲ್ಲ. ಹಾಫ್ ಕ್ಲಚ್ ಎನ್ನಲಿಲ್ಲ. ಎಂಜಿನ್ ನರಳುತ್ತಿದ್ದರೂ ಗೇರು ಇಳಿಸು ಎನ್ನಲಿಲ್ಲ. ಈ ಮೌನಕ್ಕಾಗಿ ನಾನು ಎಷ್ಟು ವರ್ಷ ಹಂಬಲಿಸಿದ್ದೆ! ಈಗ ಸಿಕ್ಕಿದರೆ ಕಿವಿ ಬಿಕೋ ಎನ್ನುತ್ತಿತ್ತು. ಮುನಿಸಿಕೊಂಡರೇ? ಹೆದರಿ ಕಣ್ಣು ಮುಚ್ಚಿದ್ದಾರೆಯೇ? ಒಂದು ಸಲ ಬಯ್ದರೆ ಸಾಕು ಎನ್ನಿಸಿತು. ಒಂದು ತಿರುವು ತಿರುಗಿದರೆ ಹಿಗ್ಗು, ಇನ್ನೊಂದು ತಿರುವಿಗೆ ಅಳು. ಕೆಳಗೆ ಊರು ಬೆಂಕಿಪೊಟ್ಟಣದಷ್ಟಾಗಿತ್ತು. ಬೆಟ್ಟದ ಗಾಳಿ ತಣ್ಣಗೆ ಒಳಗೆ ಬಂತು. ಓಡಿಸುತ್ತಿದ್ದದ್ದು ನಾನೇ. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಬೆಟ್ಟದ ನೆತ್ತಿಯ ಹತ್ತಿರ, ತಿರುವು ಮುಗಿದ ಕೂಡಲೇ, ರಸ್ತೆಯ ತುಂಬ ದನಗಳು. ಇಪ್ಪತ್ತು ಮೂವತ್ತು, ಒಂದಕ್ಕೂ ಅವಸರವಿಲ್ಲ. ನನ್ನ ಕಾಲು ತನ್ನ ಕೆಲಸ ತಾನು ಮಾಡಿತು. ಬ್ರೇಕು, ಕ್ಲಚ್ಚು, ಎರಡನೆಯ ಗೇರು, ಮತ್ತೆ ಬ್ರೇಕು. ಮೊದಲನೆಯ ದನದಿಂದ ಹತ್ತು ಹೆಜ್ಜೆ ಈಚೆಗೆ ಕಾರು ಮೆತ್ತಗೆ ನಿಂತಿತು. ಬಾಟಲಿಯಲ್ಲಿದ್ದ ನೀರು ಕೂಡ ತುಳುಕಲಿಲ್ಲ.

ಆಗ ಮೊದಲ ಸಲ ಪಕ್ಕಕ್ಕೆ ತಿರುಗಿದೆ.

ಇವರು ಬೂಟು ಕಳಚಿ ಕೆಳಗಿಟ್ಟು, ಆ ಸಣ್ಣ ಸೀಟಿನ ಮೇಲೆ ಎರಡು ಕಾಲನ್ನೂ ಮಡಚಿ, ಎಲೆಯ ಮುಂದೆ ಊಟಕ್ಕೆ ಕೂತವರಂತೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎರಡು ಕೈಯಿಂದ ಎರಡು ಪಾದವನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಕಣ್ಣು ತೆರೆದೇ ಇತ್ತು. ಹಣೆಯಲ್ಲಿ ಬೆವರಿತ್ತು.

"ಕಾಲು ಇಳಿಸಿ ರೀ, ಕಾರಲ್ಲಿ ಹಂಗೆ ಕೂರಬಾರದು" ಎಂದೆ.

"ಇಳಿಸಲ್ಲ. ಇಳಿಸಿದ್ರೆ ಒತ್ತುತ್ತವೆ. ಕೆಳಗೆ ಬ್ರೇಕು ಇಲ್ಲ ಅಂತ ನನಗೆ ಗೊತ್ತು, ಇವಕ್ಕೆ ಗೊತ್ತಿಲ್ಲ."

ಇವರಿಗೆ ಮಂಡಿನೋವು. ನೆಲದ ಮೇಲೆ ಊಟಕ್ಕೆ ಕೂರುವುದನ್ನು ಬಿಟ್ಟು ಆರು ವರ್ಷವಾಗಿದೆ. ಮದುವೆಮನೆಗೆ ಹೋದರೂ ಕುರ್ಚಿ ಕೇಳಿ ಹಾಕಿಸಿಕೊಳ್ಳುತ್ತಾರೆ.

"ಎಷ್ಟು ಹೊತ್ತಿಂದ ಹೀಗೆ ಕೂತಿದೀರ?"

"ಆಫೀಸು ಬಿಟ್ಟಾಗಿಂದ" ಎಂದರು. "ದನ ಹೋದವು, ನೋಡು. ಹೋಗು."

ಆಫೀಸು ಬಿಟ್ಟು ಐವತ್ತು ನಿಮಿಷವಾಗಿತ್ತು.